ತಿರುಳಿನ ಹೊರಗಿನ ಕನ್ನಡ

ಅಫಜಲಪುರ ತಾಲೂಕಿನ ಕರಜಗಿಯ ಸೀಮೆಯಲ್ಲಿ ಕಬ್ಬು ಕಡಿಯುವ ಹಂಗಾಮು ಆರಂಭವಾಯಿತೆಂದರೆ ರಾತ್ರಿಗೂ ಬಿಡುವಿಲ್ಲ. ಕಡಿದ ಕಬ್ಬು ಒಣಗಿದಷ್ಟೂ ತೂಕ ಇಳಿಯುತ್ತದೆ. ಆದ್ದರಿಂದ ಕಾರ್ಖಾನೆಗೆ ಸಾಗಿಸುವ ಟ್ರ್ಯಾಕ್ಟರು ಬರುವತನಕ ಹೊಲದ ಬದುವಿನ ಮೇಲೆ ಯಾರಾದರೊಬ್ಬರು ಎದ್ದು ಕೂತಿರಲೇಬೇಕು. ಆ ಸೀಮೆಯ ತರುಣನೊಬ್ಬ ಕೆಲವು ವರ್ಷಗಳ ಹಿಂದೆ ಬರೆದ ಮೊದಲ ಕತೆಯ ವಸ್ತು ಇದೇ. ಹೊಲದಲ್ಲಿ ಒಬ್ಬ ಮುದುಕ, ಅವನ ಮೊಮ್ಮಗ, ಕಬ್ಬಿನ ರಾಶಿ, ಬಾರದ ಟ್ರ್ಯಾಕ್ಟರು. ದೂರದ ರಸ್ತೆಯಲ್ಲಿ ಸಪ್ಪಳ ಕೇಳಿದಾಗಲೆಲ್ಲ ಮುದುಕ ಅದು ಯಾವ ಊರಿನ ಗಾಡಿ, ಖಾಲಿಯೋ ತುಂಬಿದ್ದೋ ಎಂದು ಹೇಳುತ್ತಾನೆ. ಕತೆಯಲ್ಲಿ ಬೇರೇನೂ ನಡೆಯುವುದಿಲ್ಲ. ಬೆಳಗಾಗುತ್ತದೆ.

ಕತೆಯನ್ನು ಅವನು ಕಾಗದದ ಮೇಲೆ ಬರೆಯಲಿಲ್ಲ. ಇಡಿಯಾಗಿ ಮೊಬೈಲಿನಲ್ಲಿ ಒತ್ತಿ, ತುಂಡು ತುಂಡಾಗಿ ಗೆಳೆಯನೊಬ್ಬನಿಗೆ ವಾಟ್ಸಾಪಿನಲ್ಲಿ ಕಳಿಸಿ, ಕೊನೆಗೆ ಅವೆಲ್ಲವನ್ನೂ ಕೂಡಿಸಿ ಒಂದು ಅಂತರ್ಜಾಲ ಪತ್ರಿಕೆಗೆ ಮಿಂಚಂಚೆ ಮಾಡಿದನು. ಮೂರನೆಯ ವಾರ ಅದು ಪ್ರಕಟವಾಯಿತು. ಸಂಭಾವನೆ ಇರಲಿಲ್ಲ, ಅವನು ಅದನ್ನು ನಿರೀಕ್ಷಿಸಿಯೂ ಇರಲಿಲ್ಲ. ಹೆಸರಿನ ಕೆಳಗೆ ‘ಕರಜಗಿ’ ಎಂದು ಊರಿನ ಹೆಸರು ಬಂದದ್ದೇ ಅವನಿಗೆ ದೊಡ್ಡದಾಗಿತ್ತು. ಆ ಸಂಜೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ತಾಯಿಗೆ ಕತೆಯನ್ನು ಓದಿ ಹೇಳಿದನು. ತಾಯಿ ರೊಟ್ಟಿ ಬಡಿಯುತ್ತ ಕೇಳಿದಳು. ನಾಲ್ಕನೆಯ ವಾಕ್ಯಕ್ಕೆ ಕೈ ನಿಲ್ಲಿಸಿ, “ಯಪ್ಪಾ, ಆ ತಾತ ಯಾವ ಮಠದವರೋ?” ಎಂದಳು.

ನಡೆದದ್ದು ಇಷ್ಟೇ. ತರುಣ ಬರೆದದ್ದು ‘ಮುತ್ಯಾ’ ಎಂದು. ಸಂಪಾದಕರು ಅದನ್ನು ‘ತಾತ’ ಎಂದು ತಿದ್ದಿದ್ದರು. ಬೆಂಗಳೂರು, ಮೈಸೂರು ಕಡೆ ತಾತನೆಂದರೆ ತಂದೆಯ ತಂದೆ, ತಾಯಿಯ ತಂದೆ. ರಾಯಚೂರು, ಯಾದಗಿರಿ, ಕಲಬುರಗಿಯ ಕಡೆ ಆ ಮಾತು ಅವಧೂತರಿಗೆ, ಗದ್ದುಗೆಯ ಸಾಧುಗಳಿಗೆ ಸಲ್ಲುತ್ತದೆ. ಒಂದೇ ಪದದ ಬದಲಾವಣೆಯಿಂದ ಕಬ್ಬಿನ ಹೊಲದ ಬಡ ಮುದುಕ ತಾಯಿಯ ಕಿವಿಯಲ್ಲಿ ಮಠಾಧೀಶನಾಗಿಬಿಟ್ಟಿದ್ದನು. ‘ಹಾದಿ ನೋಡ್ಲಕತ್ತಿದ್ದ’ ಎಂಬುದು ‘ದಾರಿ ಕಾಯುತ್ತಿದ್ದ’ ಎಂದಾಗಿತ್ತು. ‘ಸಂಜಿಮುಂದ’ ಎಂಬುದು ‘ಸಾಯಂಕಾಲ’. ಸಂಭಾಷಣೆಯನ್ನು ಮಾತ್ರ ಮುಟ್ಟಿರಲಿಲ್ಲ. ಪಾತ್ರಗಳು ಆಡುವಾಗ ಆಡುನುಡಿ, ಕತೆಗಾರ ಹೇಳುವಾಗ ಶಿಷ್ಟನುಡಿ ಎಂಬ ಹಳೆಯ ನಿಯಮವನ್ನು ಆ ಸಂಪಾದಕರು ಪಾಲಿಸಿದ್ದರು. ಅವರಲ್ಲಿ ದುರುದ್ದೇಶವೇನೂ ಇರಲಿಲ್ಲ; ಅದು ಅವರ ಶಿಕ್ಷಣ.

ಈ ನಿಯಮದ ವಯಸ್ಸು ಬಹಳ ದೊಡ್ಡದು. ಕನ್ನಡದಲ್ಲಿ ಉಪಲಬ್ಧವಿರುವ ಮೊದಲ ಗ್ರಂಥವಾದ ಕವಿರಾಜಮಾರ್ಗವು ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ರಚಿತವಾಯಿತು. ಆ ಆಸ್ಥಾನವಿದ್ದ ಮಾನ್ಯಖೇಟವೆಂದರೆ ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನ ಮಳಖೇಡ. ಆದರೆ ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಗುರುತಿಸಿದ ಬಳಿಕ ಕನ್ನಡದ ತಿರುಳು ಎಲ್ಲಿದೆಯೆಂದು ಹೇಳುವಾಗ ಆ ಗ್ರಂಥವು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡನ್ನು ಹೆಸರಿಸುತ್ತದೆ. ಇಂದಿನ ಹೆಸರುಗಳಲ್ಲಿ ಹೇಳುವುದಾದರೆ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಮತ್ತು ಬೆಳಗಾವಿ ಜಿಲ್ಲೆಯ ಒಕ್ಕುಂದ. ರಾಜಧಾನಿಯಾದ ಮಾನ್ಯಖೇಟವೇ ಆ ಚೌಕದ ಹೊರಗಿದೆ! ಭೀಮಾ, ಕಾಗಿಣಾ, ಅಮರ್ಜಾ ನದಿಗಳ ದಂಡೆಯ ಜನರು ಅಂದು ಆಡುತ್ತಿದ್ದ ಕನ್ನಡವು ಅವರದೇ ನೆಲದಲ್ಲಿ ಹುಟ್ಟಿದ ಗ್ರಂಥದಲ್ಲಿ ತಿರುಳೆನಿಸಲಿಲ್ಲ. ಇದನ್ನು ಅವಮಾನವೆಂದು ತಿಳಿಯಬೇಕಾಗಿಲ್ಲ. ಅದೇ ಗ್ರಂಥಕಾರನು ಕನ್ನಡಗಳು ಹಲವು, ಅವುಗಳ ಭೇದಗಳನ್ನು ಹೇಳಿ ಮುಗಿಸಲು ಸಾವಿರ ನಾಲಗೆಯ ವಾಸುಕಿಗೂ ಆಗದು ಎಂಬ ಅರ್ಥದ ಮಾತನ್ನಾಡುತ್ತಾನೆ. ಓದುಬರಹದ ಪ್ರಯೋಗವಿಲ್ಲದೆಯೂ ಈ ನಾಡಿನವರು ಕಾವ್ಯದಲ್ಲಿ ಪರಿಣತರು ಎಂದೂ ಮೆಚ್ಚುತ್ತಾನೆ. ಮೆಚ್ಚಿದವನೇ ಹೊರಗಿಟ್ಟನು ಎಂಬುದರಲ್ಲಿ ಇಲ್ಲಿನ ಸ್ವಾರಸ್ಯವಿದೆ. ಇಂದಿನ ಸಂಪಾದಕರೂ ಕರಜಗಿಯ ಕತೆಯನ್ನು ಮೆಚ್ಚಿದ್ದರಿಂದಲೇ ಪ್ರಕಟಿಸಿದರು.

ಅಂತರ್ಜಾಲದ ಸಾಹಿತ್ಯಪತ್ರಿಕೆಗಳ ಬಗೆಗೆ ವಿಶ್ವವಿದ್ಯಾಲಯಗಳ ವಿಚಾರಸಂಕಿರಣಗಳಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಒಂದು ಗುಂಪಿನವರಿಗೆ ಅದು ಪ್ರಜಾಪ್ರಭುತ್ವದ ವಿಜಯ. ಇನ್ನೊಂದು ಗುಂಪಿನವರಿಗೆ ಜೊಳ್ಳಿನ ರಾಶಿ. ಎರಡೂ ಓದದೆ ಆಡಿದ ಮಾತುಗಳೆಂಬ ಸಂಶಯ ಬರುತ್ತದೆ. ಈ ಮಾಧ್ಯಮಕ್ಕೆ ಈಗ ಒಂದು ಚರಿತ್ರೆಯೇ ಇದೆ. ಯು. ಬಿ. ಪವನಜ ಅವರು ‘ವಿಶ್ವಕನ್ನಡ’ವನ್ನು ಆರಂಭಿಸಿದ್ದು 1996ರಲ್ಲಿ, ನೆರೆಯ ಮರಾಠಿಯಲ್ಲಿ ‘ಮಾಯಬೋಲಿ’ ಹುಟ್ಟಿದ್ದೂ ಅದೇ ವರ್ಷ. 2000ದಲ್ಲಿ ‘ದಟ್ಸ್‌ಕನ್ನಡ’ ಬಂತು, ಮುಂದೆ ಅದು ಒನ್‌ಇಂಡಿಯಾ ಕನ್ನಡವಾಯಿತು. 2005ರಲ್ಲಿ ಹರಿಪ್ರಸಾದ್ ನಾಡಿಗ್ ಅವರ ‘ಸಂಪದ’. ಆ ದಶಕದ ಕೊನೆಯ ಹೊತ್ತಿಗೆ ಅಬ್ದುಲ್ ರಶೀದ್ ಅವರ ‘ಕೆಂಡಸಂಪಿಗೆ’, ಜಿ. ಎನ್. ಮೋಹನ್ ಅವರ ‘ಅವಧಿ’. 2013ರಲ್ಲಿ ವಾರಪತ್ರಿಕೆಯ ರೂಪದ ‘ಪಂಜು’. ಅನಂತರ ‘ಋತುಮಾನ’, ‘ನಸುಕು’, ‘ಸಂಗಾತಿ’ ಮೊದಲಾದವು. ಇವುಗಳ ಹಿಂದೆ ಅರವತ್ತರ ದಶಕದ ‘ಸಾಕ್ಷಿ’, ‘ಸಂಕ್ರಮಣ’ಗಳಿಂದ 2005ರ ‘ದೇಶಕಾಲ’ದವರೆಗಿನ ಸಾಹಿತ್ಯಪತ್ರಿಕೆಗಳ ಪರಂಪರೆಯಿದೆ. ಆ ಪತ್ರಿಕೆಗಳ ಸಂಪಾದಕರು ಮುಖ್ಯವಾಗಿ ಮಾಡಿದ್ದು ಬೇಡವೆನ್ನುವ ಕೆಲಸವನ್ನು. ಪುಟಗಳು ಕಡಿಮೆ, ಕಾಗದಕ್ಕೆ ದುಡ್ಡು. ಆದ್ದರಿಂದ ಹತ್ತನ್ನು ಬಿಟ್ಟು ಒಂದನ್ನು ಆರಿಸುವುದು ಅನಿವಾರ್ಯವಾಗಿತ್ತು. ಅಂತರ್ಜಾಲದಲ್ಲಿ ಆ ಅನಿವಾರ್ಯ ಇಲ್ಲ.

ಇದರ ಪರಿಣಾಮ ಕತೆಗೂ ಕವಿತೆಗೂ ಒಂದೇ ಬಗೆಯಾಗಿಲ್ಲ. ಕತೆಗೆ ಲಾಭವಾಗಿದೆ. ಭಾನುವಾರದ ಪುರವಣಿಯ ಅಳತೆಗೆ ಕೈಕಾಲು ಕತ್ತರಿಸಿಕೊಳ್ಳುತ್ತಿದ್ದ ಕತೆ ಈಗ ತನಗೆ ಬೇಕಾದಷ್ಟು ನಡೆಯಬಲ್ಲದು. ಟ್ರ್ಯಾಕ್ಟರು ಬಾರದ ಇಡೀ ರಾತ್ರಿಯನ್ನು ಪುರವಣಿಯ ಮುಕ್ಕಾಲು ಪುಟದಲ್ಲಿ ಹಿಡಿಸಲಾಗುತ್ತಿರಲಿಲ್ಲ. ಕವಿತೆಗೆ ಆಗಿರುವ ಲಾಭ ಸಂದೇಹಾಸ್ಪದ. ಹಬ್ಬಕ್ಕೊಂದು, ಮಳೆಗೊಂದು, ಅಮ್ಮಂದಿರ ದಿನಕ್ಕೊಂದು ಕವಿತೆ. ಅದರ ಕೆಳಗೆ ಹತ್ತು ಜನ ಗೆಳೆಯರ ‘ಸೊಗಸಾಗಿದೆ’. ಈ ‘ಸೊಗಸಾಗಿದೆ’ ಎಂಬ ಮಾತು ಕೆಡಿಸಿದಷ್ಟು ಹೊಸ ಕವಿಗಳನ್ನು ಕಟು ವಿಮರ್ಶೆ ಎಂದೂ ಕೆಡಿಸಿರಲಾರದು.

ಇದರಲ್ಲಿಯೂ ಗಜಲ್ ಒಂದು ಅಪವಾದ, ಮತ್ತು ಈ ಭಾಗದವರಿಗೆ ಅದು ಆಕಸ್ಮಿಕವಲ್ಲ. ಕನ್ನಡದಲ್ಲಿ ಗಜಲಿಗೆ ನೆಲೆ ಒದಗಿಸಿದವರಲ್ಲಿ ರಾಯಚೂರಿನ ಶಾಂತರಸರು ಮೊದಲಿಗರು. ದಖನಿ ಉರ್ದು ಕಿವಿಗೆ ಬೀಳುತ್ತಲೇ ಬೆಳೆದ ಕಲಬುರಗಿ, ಬೀದರ, ರಾಯಚೂರುಗಳ ಬರಹಗಾರರಿಗೆ ರದೀಫ್, ಕಾಫಿಯಾಗಳು ಹೊರಗಿನ ಸರಕಲ್ಲ. ಇಂದು ಅಂತರ್ಜಾಲ ಪತ್ರಿಕೆಗಳಲ್ಲಿ ಗಜಲ್ ಬರೆಯುವವರಲ್ಲಿ ಈ ಜಿಲ್ಲೆಗಳ ಶಾಲಾಶಿಕ್ಷಕರು, ಅದರಲ್ಲಿಯೂ ಮಹಿಳೆಯರು, ಎದ್ದು ಕಾಣುತ್ತಾರೆ. ಎಲ್ಲವೂ ಚೆನ್ನಾಗಿರುವುದಿಲ್ಲ, ಕಾಫಿಯಾ ಕೂಡಿಸಲು ಅರ್ಥವನ್ನು ಬಲಿಕೊಟ್ಟವೇ ಹೆಚ್ಚು. ಆದರೆ ನಿಯಮವಿರುವ ಪ್ರಕಾರವೊಂದು ಕೈಗೆ ಬಂದಾಗ ಸಂಪಾದಕನಿಲ್ಲದ ಕಡೆ ನಿಯಮವೇ ಸ್ವಲ್ಪಮಟ್ಟಿಗೆ ಸಂಪಾದಕನಾಗುತ್ತದೆ ಎಂಬುದನ್ನು ಇಲ್ಲಿ ಗಮನಿಸಬಹುದು.

ಕರಜಗಿಯ ತರುಣನ ವಿಷಯಕ್ಕೆ ಮರಳುವುದಾದರೆ, ಅವನ ನುಡಿಯನ್ನು ತಿದ್ದಿದವರಲ್ಲಿ ಸಂಪಾದಕರು ಎರಡನೆಯವರು. ಮೊದಲನೆಯದು ಮೊಬೈಲಿನ ಕೀಲಿಮಣೆ. ಎರಡಕ್ಷರ ಒತ್ತುವಷ್ಟರಲ್ಲಿ ಅದು ಮುಂದಿನ ಪದವನ್ನು ತಾನೇ ಸೂಚಿಸುತ್ತದೆ. ಸೂಚಿಸುವುದು ತಾನು ಹೆಚ್ಚಾಗಿ ಕಂಡಿರುವ ರೂಪವನ್ನು. ‘ಬರ್ಲಕತ್ತಾನ’ ಎಂದು ಬರೆಯಹೊರಟವನ ಬೆರಳಿನ ಕೆಳಗೆ ‘ಬರುತ್ತಾನೆ’ ಎಂಬುದು ಬಂದು ನಿಲ್ಲುತ್ತದೆ. ಇವೆರಡೂ ಒಂದೇ ಅಲ್ಲ: ಮೊದಲನೆಯದು ಈಗ ನಡೆಯುತ್ತಿರುವ ಕ್ರಿಯೆ, ‘ಬರುತ್ತಿದ್ದಾನೆ’ ಎಂಬುದಕ್ಕೆ ಸಮಾನ, ಎರಡನೆಯದು ಸಾಮಾನ್ಯ ವರ್ತಮಾನ, ಕೆಲವೊಮ್ಮೆ ಭವಿಷ್ಯ. ಕಾಯುವುದೇ ವಸ್ತುವಾಗಿರುವ ಕತೆಯಲ್ಲಿ ಬರುತ್ತಿರುವುದಕ್ಕೂ ಬರಲಿರುವುದಕ್ಕೂ ಇರುವ ಅಂತರವೇ ಕತೆ. ತರುಣನು ಒಂದೊಂದು ಕ್ರಿಯಾಪದಕ್ಕೂ ಸೂಚನೆಯನ್ನು ತಳ್ಳಿ ಮರಳಿ ಒತ್ತಿದನು. ಹೇಳಿ ಬರೆಯಿಸುವ ಸೌಲಭ್ಯವನ್ನೂ ಪ್ರಯತ್ನಿಸಿದನು. ಅದು ಅವನ ಮಾತಿನಲ್ಲಿ ಅರ್ಧವನ್ನು ಬಿಟ್ಟು ಉಳಿದರ್ಧವನ್ನು ಬೇರೆ ಮಾಡಿತು.

ಗಣಕದ ಒಳಗೆ ಕನ್ನಡಕ್ಕೆ ಬಂದ ಇಂಥ ತೊಡಕುಗಳು ಹಲವು. ಹಳಗನ್ನಡದ ವಿದ್ಯಾರ್ಥಿಗಳಿಗೆ ಸೋಜಿಗವೆನಿಸುವ ಒಂದನ್ನು ಇಲ್ಲಿ ಹೇಳಬಹುದು. ಯೂನಿಕೋಡ್ ಪಟ್ಟಿಯಲ್ಲಿ ನಮ್ಮ ೞಕಾರಕ್ಕೆ ಜಾಗವಿದೆ, ಆದರೆ ಅದರ ಅಧಿಕೃತ ಹೆಸರು ತಪ್ಪಾಗಿ ‘ಫ’ ಎಂದು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿನ ನಿಯಮವಾದ್ದರಿಂದ ಸರಿಯಾದ ಹೆಸರನ್ನು ಪಕ್ಕದಲ್ಲಿ ಪರ್ಯಾಯವೆಂದು ಬರೆದು ಸುಮ್ಮನಾಗಿದ್ದಾರೆ. ಕೇಶಿರಾಜನು ರಳ, ಕುಳ, ಕ್ಷಳಗಳ ಭೇದಕ್ಕಾಗಿ ಪಟ್ಟ ಶ್ರಮವನ್ನು ನೆನೆದರೆ ನಗುವೂ ಬರುತ್ತದೆ, ಮರುಕವೂ ಆಗುತ್ತದೆ.

ಕತೆ ಪ್ರಕಟವಾಗಿ ಎರಡು ವರ್ಷದ ಮೇಲೆ ಆ ಪತ್ರಿಕೆ ಇಲ್ಲವಾಯಿತು. ಯಾರೂ ಮುಚ್ಚಲಿಲ್ಲ, ತಾಣದ ಹೆಸರಿಗೆ ವರ್ಷಕ್ಕೊಮ್ಮೆ ಕಟ್ಟಬೇಕಾದ ಹಣವನ್ನು ಯಾರೂ ಕಟ್ಟಲಿಲ್ಲ, ಅಷ್ಟೇ. ಅದರೊಡನೆ ಅಲ್ಲಿದ್ದ ಕತೆ, ಕವಿತೆಗಳೆಲ್ಲ ಹೋದವು. ಅಚ್ಚಿನ ಪತ್ರಿಕೆ ನಿಂತರೆ ಹಳೆಯ ಸಂಚಿಕೆಗಳಾದರೂ ಯಾರದೋ ಅಟ್ಟದ ಮೇಲೆ, ಯಾವುದೋ ಗ್ರಂಥಾಲಯದ ಮೂಲೆಯಲ್ಲಿ ಉಳಿಯುತ್ತವೆ. ಇಲ್ಲಿ ಪ್ರತಿ ಎಂಬುದೇ ಇಲ್ಲ; ಎಲ್ಲ ಓದುಗರೂ ನೋಡುತ್ತಿದ್ದದ್ದು ಒಂದೇ ಪ್ರತಿಯನ್ನು. ಇಂಟರ್ನೆಟ್ ಆರ್ಕೈವ್ ಸಂಸ್ಥೆ ಜಗತ್ತಿನ ಜಾಲಪುಟಗಳನ್ನು ಆಗಾಗ ನಕಲು ಮಾಡಿ ಇಡುತ್ತದೆ. ಆದರೆ ಅದರ ಬಲೆಗೆ ಪ್ರತಿಯೊಂದು ಪುಟವೂ ಬೀಳುವುದಿಲ್ಲ. ಈ ಕತೆ ಬಿದ್ದಿರಲಿಲ್ಲ. ತರುಣನ ಮೊಬೈಲು ಅಷ್ಟರಲ್ಲಿ ಕಾಲುವೆಗೆ ಬಿದ್ದಿತ್ತು, ಮಿಂಚಂಚೆಯ ಗುಪ್ತಪದ ಮರೆತುಹೋಗಿತ್ತು, ಗೆಳೆಯನ ವಾಟ್ಸಾಪಿನಲ್ಲಿ ತುಂಡುಗಳು ಅಳಿಸಿಹೋಗಿದ್ದವು.

ಕನ್ನಡ ಸಾಹಿತ್ಯಚರಿತ್ರೆಯನ್ನು ಓದುವವರಿಗೆ ಈ ನಷ್ಟ ಹೊಸದಲ್ಲ. ಕವಿರಾಜಮಾರ್ಗವು ತನಗಿಂತ ಹಿಂದಿನ ಗದ್ಯಕಾರರೆಂದು ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತರನ್ನು ಹೆಸರಿಸುತ್ತದೆ, ಪದ್ಯಕಾರರನ್ನೂ ಹೆಸರಿಸುತ್ತದೆ. ಅವರ ಒಂದು ಕೃತಿಯೂ ನಮಗೆ ಸಿಕ್ಕಿಲ್ಲ. ಮೊದಲನೆಯ ಗುಣವರ್ಮನ ‘ಶೂದ್ರಕ’, ‘ಹರಿವಂಶ’ಗಳು ಕಳೆದುಹೋಗಿ, ನಂತರದವರು ಉದಾಹರಣೆಗೆಂದು ಎತ್ತಿಕೊಂಡ ಬಿಡಿಪದ್ಯಗಳಷ್ಟೇ ಉಳಿದವು. ಮಾನ್ಯಖೇಟದ ಮೂರನೆಯ ಕೃಷ್ಣನಿಂದ ಉಭಯಕವಿಚಕ್ರವರ್ತಿ ಎನಿಸಿಕೊಂಡ ಪೊನ್ನನಿಗೂ ಇದೇ ಗತಿ: ಅವನ ‘ಭುವನೈಕರಾಮಾಭ್ಯುದಯ’ ಇಲ್ಲ, ‘ಶಾಂತಿಪುರಾಣ’ ಇದೆ. ಒಂದು ಉಳಿದು ಇನ್ನೊಂದು ಅಳಿದುದಕ್ಕೆ ಕಾವ್ಯಗುಣವೇ ಕಾರಣವೆನ್ನಲು ಆಧಾರವಿಲ್ಲ. ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಅತ್ತಿಮಬ್ಬೆ ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧ ಸಂಗತಿ. ಶಾಸ್ತ್ರದಾನವೆಂದು ಅವಳು ಮಾಡಿದ್ದು ಇಂದಿನ ಭಾಷೆಯಲ್ಲಿ ಪ್ರತಿಗಳನ್ನು ಬೇರೆ ಬೇರೆ ಕಡೆ ಇರಿಸುವ ಕೆಲಸ. ಒಂದು ಬಸದಿಯಲ್ಲಿ ಗೆದ್ದಲು ತಿಂದರೆ ಇನ್ನೊಂದರಲ್ಲಿ ಉಳಿದೀತು.

ಅಂತರ್ಜಾಲ ಪತ್ರಿಕೆಗಳನ್ನು ನಡೆಸುವವರಿಗೆ ಅತ್ತಿಮಬ್ಬೆಯ ಸಂಪತ್ತಿಲ್ಲ. ಬಹುಪಾಲು ಪತ್ರಿಕೆಗಳು ನಡೆಯುವುದು ಒಬ್ಬಿಬ್ಬರ ಸಂಬಳದ ಉಳಿಕೆಯಿಂದ, ರಾತ್ರಿಯ ನಿದ್ದೆಯ ಖರ್ಚಿನಿಂದ. ಅವರನ್ನು ದೂರುವುದು ನ್ಯಾಯವಲ್ಲ. ಆದರೆ ವಿಶ್ವವಿದ್ಯಾಲಯಗಳನ್ನು ದೂರಬಹುದು. 1980ರಲ್ಲಿ ಸ್ಥಾಪಿತವಾದ ಗುಲಬರ್ಗಾ ವಿಶ್ವವಿದ್ಯಾಲಯ ಕಲಬುರಗಿಯಲ್ಲಿದೆ, ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲೂಕಿನ ಕಡಗಂಚಿಯಲ್ಲಿಯೇ ಇದೆ. ನಾಡಿನ ಯಾವ ಕನ್ನಡ ವಿಭಾಗವೇ ಆಗಲಿ, ತನ್ನ ಜಿಲ್ಲೆಯವರು ಅಂತರ್ಜಾಲದಲ್ಲಿ ಪ್ರಕಟಿಸಿದ ಕತೆ, ಕವಿತೆಗಳ ಒಂದು ಸೂಚಿಯನ್ನು ವರ್ಷಕ್ಕೊಮ್ಮೆ ಮಾಡಿಸಿ, ಒಂದೊಂದು ಪ್ರತಿಯನ್ನು ಇರಿಸಿಕೊಳ್ಳುವುದಕ್ಕೆ ದೊಡ್ಡ ಅನುದಾನ ಬೇಕಿಲ್ಲ; ಇಬ್ಬರು ಸಂಶೋಧನ ವಿದ್ಯಾರ್ಥಿಗಳು, ಒಂದು ಗಣಕ ಸಾಕು. ಪಿಎಚ್.ಡಿ. ಪ್ರಬಂಧಗಳಲ್ಲಿ ಅಂತರ್ಜಾಲದ ಕತೆಯನ್ನು ಉಲ್ಲೇಖಿಸಿದರೆ ಮಾರ್ಗದರ್ಶಕರು ಹುಬ್ಬೇರಿಸುವ ವಾಡಿಕೆ ಇನ್ನೂ ಇದೆ. ಹೊಸ ಬರಹಗಾರನಿಗೆ ಪುಸ್ತಕವೇ ಪ್ರಮಾಣಪತ್ರವಾಗಿರುವುದು ಇದರಿಂದಲೇ: ಛಂದ ಪುಸ್ತಕದ ಹಸ್ತಪ್ರತಿ ಸ್ಪರ್ಧೆ, ಗದುಗಿನ ಲಡಾಯಿ ಪ್ರಕಾಶನದ ವಿಭಾ ಸಾಹಿತ್ಯ ಪ್ರಶಸ್ತಿ, ಕನ್ನಡ ಪುಸ್ತಕ ಪ್ರಾಧಿಕಾರವು ಚೊಚ್ಚಲ ಕೃತಿಗೆ ಕೊಡುವ ಪ್ರೋತ್ಸಾಹಧನ ಇವೆಲ್ಲ ಅಂತರ್ಜಾಲದಿಂದ ಅಚ್ಚಿಗೆ ಹೋಗುವ ಮೆಟ್ಟಿಲುಗಳಾಗಿವೆ.

ಕತೆ ಪೂರ್ತಿ ಅಳಿಯಲಿಲ್ಲ. ಅವನಿಗೆ ಕಲಿಸಿದ ಅಧ್ಯಾಪಕಿಯೊಬ್ಬರು ಪ್ರಕಟವಾದ ದಿನವೇ ಅದನ್ನು ಮುದ್ರಿಸಿ ಕಾಲೇಜಿನ ಸೂಚನಾಫಲಕಕ್ಕೆ ಅಂಟಿಸಿ, ಅನಂತರ ಹಾಳೆಗಳನ್ನು ಕಡತದಲ್ಲಿ ಇರಿಸಿದ್ದರು. ಅಂಟು ಹಚ್ಚಿದ ಮೂಲೆಗಳು ಹರಿದಿದ್ದವು, ಮೂರನೆಯ ಹಾಳೆ ಇರಲಿಲ್ಲ. ಉಳಿದದ್ದು ಸಂಪಾದಕರು ತಿದ್ದಿದ ಪಾಠ. ಮುತ್ಯಾ ತಾತನಾಗಿದ್ದ ಪಾಠ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಪರೀಕ್ಷೆಗೆಂದು ಓದಿದ್ದ ತರುಣನು ತನ್ನದೇ ಕತೆಗೆ ಗ್ರಂಥಸಂಪಾದಕನಾಗಬೇಕಾಯಿತು: ಏಕೈಕ ಪ್ರತಿ, ಅದೂ ತ್ರುಟಿತ, ಲಿಪಿಕಾರನ ತಿದ್ದುಪಡಿಗಳಿಂದ ಕೂಡಿದ್ದು. ಮೂಲಪಾಠವನ್ನು ಊಹಿಸಲು ಅವನು ನೆಚ್ಚಿದ್ದು ತಾಯಿಯನ್ನು. ಒಂದೊಂದೇ ವಾಕ್ಯ ಓದುವುದು, “ಇದನ್ನ ನೀ ಆದ್ರ ಹ್ಯಾಂಗ ಅಂತಿದ್ದಿ, ಯವ್ವಾ?” ಎಂದು ಕೇಳುವುದು, ಅವಳು ಅಂದಂತೆ ಬರೆಯುವುದು. ಈ ಸಲ ನೋಟುಬುಕ್ಕಿನಲ್ಲಿ.

ಇಂಥ ಕೆಲಸ ಭೀಮೆಯ ದಂಡೆಗೆ ಹೊಸದಲ್ಲ. ನದಿಯಾಚೆಯ ವಿಜಯಪುರ ಜಿಲ್ಲೆಯಲ್ಲಿ ಹಲಸಂಗಿಯ ಗೆಳೆಯರು, ಅಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ, ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡ ತ್ರಿಪದಿಗಳು 1931ರಲ್ಲಿ ‘ಗರತಿಯ ಹಾಡು’ ಎಂದು ಪ್ರಕಟವಾದವು. ಆ ಸಂಗ್ರಹದ ನುಡಿಯನ್ನು ಶಿಷ್ಟಗೊಳಿಸಿದ್ದರೆ ಇಂದು ಅದನ್ನು ಯಾರು ನೆನೆಯುತ್ತಿದ್ದರು? ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪನವರ ತತ್ವಪದಗಳು ಭಜನೆಯವರ ಬಾಯಲ್ಲಿ ಉಳಿದದ್ದೂ ಅವು ಅವರ ಬಾಯಿಗೆ ಹೊಂದಿದ್ದರಿಂದ. ಗೀತಾ ನಾಗಭೂಷಣರ ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಕಲಬುರಗಿಯ ಕನ್ನಡವನ್ನು ದಕ್ಷಿಣದ ಓದುಗರು ಅರ್ಥಮಾಡಿಕೊಳ್ಳಲಾರರು ಎಂಬ ಭಯಕ್ಕೆ ಆ ಬಳಿಕವೂ ಆಧಾರವಿದೆಯೇ? ನಂಜನಗೂಡಿನ ಸೀಮೆಯ ‘ಕುಸುಮಬಾಲೆ’ಯನ್ನು ಕಲಬುರಗಿಯ ವಿದ್ಯಾರ್ಥಿಗಳು ಕಷ್ಟಪಟ್ಟಾದರೂ ಓದುತ್ತಾರೆ. ಅದೇ ಕಷ್ಟವನ್ನು ಎದುರು ದಿಕ್ಕಿನಿಂದ ಯಾರೂ ಪಡಬಾರದೆಂದೇನಿಲ್ಲ.

ತಾಯಿ ಹೇಳಿದ್ದೆಲ್ಲವನ್ನೂ ಅವನು ಒಪ್ಪಿಕೊಂಡನೆಂದಲ್ಲ. ಕಳೆದುಹೋದ ಮೂರನೆಯ ಹಾಳೆಯಲ್ಲಿ ಏನಿತ್ತೆಂಬ ಬಗೆಗೆ ಇಬ್ಬರಿಗೂ ಜಗಳವೇ ಆಯಿತು. ಅವನ ನೆನಪಿನಲ್ಲಿ ಅದು ಕತ್ತಲೆಯ ವರ್ಣನೆ; ಅವಳ ನೆನಪಿನಲ್ಲಿ ಮುತ್ಯಾ ಮೊಮ್ಮಗನಿಗೆ ಹೊದೆಯಲು ತನ್ನ ಧೋತರದ ಸೆರಗು ಕೊಟ್ಟದ್ದು. ಹಾಗೆ ತಾನು ಬರೆದೇ ಇಲ್ಲವೆಂದು ಅವನು, ಓದಿದ್ದನ್ನು ಕಿವಿಯಾರೆ ಕೇಳಿದ್ದೇನೆಂದು ಅವಳು. ಕೊನೆಯ ವಿಷಯದಲ್ಲಿ ಅವಳದು ಇನ್ನೂ ಗಟ್ಟಿ ಹಟ: ಟ್ರ್ಯಾಕ್ಟರು ಬರಬೇಕು. “ಬೆಳತನಕ ಕುಂತವ್ರಿಗಿ ಗಾಡಿ ಬರ್ಲಿಲ್ಲಂದ್ರ ಹ್ಯಾಂಗೋ?” ಧೋತರವನ್ನು ಅವನು ಸೇರಿಸಿಕೊಂಡನು. ಟ್ರ್ಯಾಕ್ಟರನ್ನು ತರಲಿಲ್ಲ.

ಕತೆಯನ್ನು ಮತ್ತೊಂದು ಅಂತರ್ಜಾಲ ಪತ್ರಿಕೆಗೆ ಕಳಿಸುವಾಗ, ಕಥನಭಾಗದ ಪದಗಳನ್ನು ಬದಲಿಸಬಾರದೆಂದು ಒಂದು ಸಾಲು ಬರೆದನು. ಸಂಪಾದಕರು ಒಪ್ಪಿದರು, ಬೇರೆ ಕಡೆಯ ಓದುಗರಿಗಾಗಿ ಕೊನೆಯಲ್ಲಿ ಒಂದು ಪದಕೋಶ ಕೊಡಿರೆಂದು ಮಾತ್ರ ಕೇಳಿದರು. ಹನ್ನೊಂದು ಪದಗಳ ಪಟ್ಟಿಯಾಯಿತು. ಹತ್ತಕ್ಕೆ ಅರ್ಥ ಬರೆದನು. ‘ಮುತ್ಯಾ’ ಎಂಬುದರ ಮುಂದೆ ಮೊದಲು ‘ಅಜ್ಜ’ ಎಂದು ಬರೆದು ಹೊಡೆದುಹಾಕಿ, ‘ತಂದೆಯ ತಂದೆ’ ಎಂದು ಬರೆದು ಅದನ್ನೂ ಹೊಡೆದುಹಾಕಿ, ಆ ಪದವನ್ನೇ ಪಟ್ಟಿಯಿಂದ ತೆಗೆದು ಕಳಿಸಿದನು. ನೋಟುಬುಕ್ಕಿನಲ್ಲಿದ್ದ ಕತೆಯನ್ನು ತಂಗಿಯ ಕೈಯಿಂದ ಎರಡು ಪ್ರತಿ ಮಾಡಿಸಿದ್ದಾನೆ. ಒಂದು ಅಧ್ಯಾಪಕಿಯವರ ಕಡತದಲ್ಲಿದೆ, ಇನ್ನೊಂದು ಮನೆಯಲ್ಲಿ, ಹೊಲದ ಪಹಣಿಪತ್ರಗಳಿರುವ ತಗಡಿನ ಪೆಟ್ಟಿಗೆಯಲ್ಲಿ.